ಅಗತ್ಯ ಸೇವೆ, ಗುತ್ತಿಗೆ ಮನುಷ್ಯ



ನಾವು ಪುರಸಭೆಯ ಖಾಯಂ ಪೌರಕಾರ್ಮಿಕರು. ಸರ್ಕಾರದ ಪಗಾರ ತಿನ್ನುವವರು. ಊರಿನ ಹೆಸರು ಹಾಕಿದರೆ ನಾಳೆ ನೋಟೀಸು ಬರುತ್ತದೆ, ಆದ್ದರಿಂದ ಹಾಕುವುದಿಲ್ಲ. ಇಂಡಿ ಅನ್ನಿ, ಸಿಂದಗಿ ಅನ್ನಿ, ಮುದ್ದೇಬಿಹಾಳ ಅನ್ನಿ, ಬಸವನ ಬಾಗೇವಾಡಿ ಅನ್ನಿ, ನಸುಕಿನ್ಯಾಗ ಬಜಾರಕ್ಕ ಬಂದು ನೋಡಿದರ ಕಸಬರಿಗಿ ಹಿಡಿದ ಕೈ ಯಾವ ಕೇರಿಯದು ಅಂತ ಕೇಳೋದೇ ಬ್ಯಾಡ.

2022ರ ಜುಲೈ 1ರಂದು ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಬೀದಿ ಗುಡಿಸುವವರು, ಕಸದ ಗಾಡಿ ಓಡಿಸುವವರು, ಲೋಡರುಗಳು, ಒಳಚರಂಡಿಯವರು, ಎಲ್ಲರನ್ನೂ ಖಾಯಂ ಮಾಡಿ ಎಂಬುದು ಬೇಡಿಕೆ. ನಾಲ್ಕನೇ ದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಲಿಖಿತ ಭರವಸೆ ಕೊಟ್ಟರು, ಮುಷ್ಕರ ನಿಂತಿತು. ಆಮೇಲೆ ಸರ್ಕಾರ ಒಪ್ಪಿದ್ದು ಮೊದಲ ಹಂತಕ್ಕೆ 11,133 ಮಂದಿಯನ್ನು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಮಂದಿಗೆ ನೇಮಕ ಪತ್ರ. ಒಳ್ಳೆಯದಾಯಿತು. ಇದು ಯಾರ ಭಿಕ್ಷೆಯೂ ಅಲ್ಲ, ಬೀದಿಯಲ್ಲಿ ಕೂತು ಗಳಿಸಿದ್ದು. ಆದರೆ ಒಳಗೆ ಬಂದವರು ಯಾರು, ಹೊರಗೆ ಉಳಿದವರು ಯಾರು ಎಂದು ನೋಡಿ: ಕಸ ಗುಡಿಸಿದವ ಒಳಗ, ಅದೇ ಕಸ ಗಾಡಿಗೆ ತುಂಬಿದವ ಹೊರಗ!

ನಾವು ಕೆಲಸ ಬಿಟ್ಟರೆ ಸಾಕು, ಸಾಹೇಬರಿಗೆ ಕಾನೂನು ನೆನಪಾಗುತ್ತದೆ. ಇದು ಅಗತ್ಯ ಸೇವೆ ಕಣ್ರೀ, ಊರು ನಾರ್ತದ, ರೋಗ ಬರ್ತದ ಎನ್ನುತ್ತಾರೆ. ಹೌದಪ್ಪಾ, ಅಗತ್ಯ. ಹಂಗಾದರ ಪಗಾರದ ದಿನ ಯಾಕ 'ಗುತ್ತಿಗೆದಾರನ್ನ ಕೇಳು' ಅಂತೀರಿ? ಸರಿಸಮ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೂ ಸರಿಸಮ ವೇತನ ಕೊಡಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆದಾರನನ್ನು ನಡುವೆ ನಿಲ್ಲಿಸುವ ಹುನ್ನಾರ ಇಲ್ಲೇ ಇದೆ. ಇವನು ನಮ್ಮ ನೌಕರನೇ ಅಲ್ಲ ಎಂದುಬಿಟ್ಟರೆ ಸರಿಸಮದ ಪ್ರಶ್ನೆಯೇ ಏಳುವುದಿಲ್ಲವಲ್ಲ! ಕಸ ಊರಿನದು, ಗಾಡಿ ಪುರಸಭೆಯದು, ಹಾಜರಿ ಹಿಡಿಯುವವ ಪುರಸಭೆಯವ, ಮನುಷ್ಯ ಮಾತ್ರ ಗುತ್ತಿಗೆದಾರನವ.

1970ರ ದಶಕದ ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತ್ತು. ಪ್ಲಾಸ್ಟಿಕ್ಕು ಊರು ತುಂಬುವ ಮೊದಲಿನ ಮಾತು ಅದು. ಮುಂದೆ ಸರ್ಕಾರ ಹಿಡಿದ ಲೆಕ್ಕ 700ಕ್ಕೆ ಒಬ್ಬ. ಕಸ ಹೆಚ್ಚಾಯಿತು, ಕೈ ಕಡಿಮೆಯಾಯಿತು. ಇದರ ಮೇಲೆ ಕಾಯಕದ ಭಾಷಣ ಬೇರೆ. ಬಸವಣ್ಣನವರ ಹೆಸರು ಹೊತ್ತ ತಾಲೂಕಿನವರು ನಾವು, ಆ ಭಾಷಣ ಎಲ್ಲರಿಗಿಂತ ಜಾಸ್ತಿ ಕೇಳಿದ್ದೇವೆ. ಕಾಯಕ ಅಷ್ಟು ದೊಡ್ಡದಾದರೆ ಭಾಷಣ ಮಾಡಿದವರ ಮನೆಯ ಒಬ್ಬ ಹುಡುಗನಾದರೂ ಗಟಾರಕ್ಕೆ ಇಳಿಯಬೇಕಿತ್ತಲ್ಲ?

ಸರ್ಕಾರಿ ನೌಕರ ಮುಷ್ಕರದ ಪರ ಮಾತಾಡಬಾರದು ಎನ್ನುವವರಿಗೆ ಒಂದು ಹಳೆಯ ಸಂಗತಿ. 1938ರಲ್ಲಿ ಮುಂಬಯಿ ಸರ್ಕಾರ ಕಾರ್ಮಿಕರ ಮುಷ್ಕರವನ್ನು ಕಟ್ಟಿಹಾಕುವ ಮಸೂದೆ ತಂದಿತು. ನಮ್ಮ ಬಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಬಾಬಾಸಾಹೇಬರು ಶಾಸನಸಭೆಯೊಳಗೆ ಎದ್ದು ನಿಂತು ಅದನ್ನು ವಿರೋಧಿಸಿದರು. ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧ ದುಡಿಸುವುದು ಗುಲಾಮಗಿರಿ ಎಂಬುದು ಅವರ ವಾದ. ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆಗೂಡಿ ಮುಂಬಯಿಯಲ್ಲಿ ಒಂದು ದಿನದ ಮುಷ್ಕರವನ್ನೂ ನಡೆಸಿದರು. ಗೋಡೆಯ ಮೇಲೆ ಅವರ ಫೋಟೋ, ಬಾಯಲ್ಲಿ 'ನಮಗ್ಯಾಕ ಬೇಕು ಸ್ಟ್ರೈಕು' ಎಂಬ ಮಾತು, ಎರಡೂ ಹೇಗೆ ಕೂಡುತ್ತವೆ?

ಈ ಮಾತು ಪರರಿಗಲ್ಲ, ನಮಗೇ. ಖಾಯಂ ಆದೇಶ ಕೈಗೆ ಬಂದ ಮೇಲೆ ನಮ್ಮಲ್ಲೂ ಒಂದು ಮೇಲು ಕೀಳು ಹುಟ್ಟಿದೆ. ಒಣ ಕಸ ನಮಗೆ, ಸತ್ತ ನಾಯಿ ಲೋಡರನಿಗೆ. ಅವನು ಒಂದು ದಿನ ಜ್ವರ ಬಂದು ಮಲಗಿದರೆ ಕೂಲಿ ಹೋಗುತ್ತದೆ, ನಮಗೆ ರಜೆ ಸಿಗುತ್ತದೆ. ಅವನು ನಮ್ಮ ಅಕ್ಕನ ಮಗನೇ, ಒಂದೇ ಓಣಿಯವನೇ. 'ಏ ಕಾಕಾ, ನಿಮ್ಮದಾತು, ನಮ್ಮದು ಯಾವಾಗ?' ಎಂದು ಕೇಳಿದರೆ ನಾವು ಬೀಡಿ ಹಚ್ಚಿಕೊಂಡು ಆಚೆ ನೋಡುತ್ತೇವೆ.

ನಾಲ್ಕೂ ತಾಲೂಕಿನ ಖಾಯಂ ನೌಕರರಿಗೆ ನಮ್ಮ ಬೇಡಿಕೆ ಇಷ್ಟೇ: ಮುಂದೆ ಯಾವ ಮನವಿ ಬರೆದರೂ ಲೋಡರ, ಚಾಲಕ, ಒಳಚರಂಡಿಯವರ ಖಾಯಮಾತಿ ಅದರ ಮೊದಲ ಸಾಲಿಗೆ ಬರಲಿ, ನಮ್ಮ ಭತ್ಯೆ ಅದರ ಕೆಳಗೆ ಇರಲಿ. ಹಾಗೆ ಬರೆಯದ ಕಾಗದಕ್ಕೆ ನಾವು ಸಹಿ ಹಾಕುವುದಿಲ್ಲ, ಹೆಬ್ಬೆಟ್ಟನ್ನೂ ಒತ್ತುವುದಿಲ್ಲ.

ಜೈ ಭೀಮ್