ಮಾರ್ಚ್ 31ರ ಬಿಲ್ಲು

ನಾಚಾರಂನ ಇ.ಎಸ್.ಐ. ಆಸ್ಪತ್ರೆಯಲ್ಲಿ ಔಷಧಕ್ಕಾಗಿ ಸಾಲು ನಿಲ್ಲುವ ಕಾರ್ಮಿಕನು ಯಾರ ದಾನವನ್ನೂ ಬೇಡುತ್ತಿಲ್ಲ. ಅವನ ಕೂಲಿಯಿಂದ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25 ಪ್ರತಿ ತಿಂಗಳೂ ಆ ನಿಧಿಗೆ ಸಂದಾಯವಾಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಭ್ರಷ್ಟಾಚಾರ ನಿಗ್ರಹ ದಳವು ರಾಜ್ಯದ ಇ.ಎಸ್.ಐ. ವೈದ್ಯಕೀಯ ಸೇವೆಗಳ ಅಂದಿನ ನಿರ್ದೇಶಕರನ್ನೂ ಇತರರನ್ನೂ ಬಂಧಿಸಿದಾಗ ಈ ಊರಿನ ಕಾರ್ಮಿಕರ ಮನೆಗಳಲ್ಲಿ ಎದ್ದ ಪ್ರಶ್ನೆ ಒಂದೇ: ನಮ್ಮ ಹಣದ ಲೆಕ್ಕವನ್ನು ಇಷ್ಟು ದಿನ ನೋಡಿದವರು ಯಾರು? ಅಗತ್ಯವಿಲ್ಲದ ಔಷಧಗಳನ್ನು ಹೆಚ್ಚಿನ ದರಕ್ಕೆ, ಸೃಷ್ಟಿಸಿದ ಕಾಗದಪತ್ರಗಳ ಬಲದಿಂದ ಕೊಳ್ಳಲಾಯಿತೆಂಬುದು ಆರೋಪ. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ಹೇಳಬೇಕು. ಕಾಗದಗಳೆಲ್ಲ ಸರಿಯಾಗಿದ್ದಂತೆ ಕಂಡರೂ ರೋಗಿಗೆ ಔಷಧ ಸೇರಿದೆ ಎಂದಾಗದು ಎಂಬ ಪಾಠಕ್ಕೆ ಮಾತ್ರ ತೀರ್ಪಿನವರೆಗೆ ಕಾಯಬೇಕಾಗಿಲ್ಲ.

ಇದನ್ನು ಸರ್ಕಾರಿ ಕಚೇರಿಗಳ ರೋಗವೆಂದು ತಳ್ಳಿಹಾಕುವುದು ಸುಲಭ. ನಮ್ಮ ಸಮಾಜದ ಟ್ರಸ್ಟುಗಳೂ ಚಿಕಿತ್ಸಾಲಯಗಳನ್ನು ನಡೆಸುತ್ತಿವೆ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸಿದ ಪರಂಪರೆ ನಮ್ಮದು. ಆದರೆ ದಾನಿಯ ಹಣಕ್ಕೂ ಸರ್ಕಾರದ ಪರಿಹಾರ ನಿಧಿಗೂ ಇರುವ ಅಂತರವನ್ನು ನಮ್ಮ ಹಿರಿಯರು ಇನ್ನೂ ಮನಗಂಡಿಲ್ಲ.

ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರವು 2020ರ ಏಪ್ರಿಲ್‌ನಲ್ಲಿ 15,000 ಕೋಟಿ ರೂಪಾಯಿಗಳ, 2021ರ ಜುಲೈಯಲ್ಲಿ 23,123 ಕೋಟಿ ರೂಪಾಯಿಗಳ ತುರ್ತು ಆರೋಗ್ಯ ಯೋಜನೆಗಳನ್ನು ಪ್ರಕಟಿಸಿತು. ಪ್ರಕಟಣೆಯ ದಿನ ಪತ್ರಿಕೆಗಳ ಮುಖಪುಟ ತುಂಬಿತು. ಲೆಕ್ಕ ಒಪ್ಪಿಸುವ ದಿನಕ್ಕೆ ಮುಖಪುಟವಿಲ್ಲ. ಅದು ಗುಮಾಸ್ತನ ಮೇಜಿಗೆ, ಕೊನೆಗೆ ನನ್ನಂಥ ಲೆಕ್ಕಪರಿಶೋಧಕನ ಮೇಜಿಗೆ ಬರುತ್ತದೆ.

ನಿಯಮಗಳು ಕಠಿಣವೇನಲ್ಲ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಆವರ್ತಕವಲ್ಲದ ಅನುದಾನವಾದರೆ, ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಹಣಬಳಕೆ ಪ್ರಮಾಣಪತ್ರ ಸಲ್ಲಿಸಬೇಕು. ಅನುದಾನದ ಹಣ ಬ್ಯಾಂಕಿನಲ್ಲಿ ಗಳಿಸಿದ ಬಡ್ಡಿ ಸಂಸ್ಥೆಯದಲ್ಲ. ಅದನ್ನು ಭಾರತದ ಸಂಚಿತ ನಿಧಿಗೆ ಹಿಂದಿರುಗಿಸಬೇಕು. ಅನುದಾನದಿಂದ ಕೊಂಡ ಯಂತ್ರವನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಮಂಜೂರು ಮಾಡಿದ ಇಲಾಖೆಗೂ ಮಹಾಲೇಖಪಾಲರಿಗೂ ಲೆಕ್ಕಪುಸ್ತಕಗಳು ತೆರೆದಿರಬೇಕು.

ಅಮೆರಿಕದಲ್ಲಿ ವೈದ್ಯವೃತ್ತಿಯಲ್ಲಿರುವ ನಮ್ಮ ಓದುಗರಿಗೆ ಇದು ಹೊಸದಲ್ಲ. ಅಲ್ಲಿನ 178 ಶತಕೋಟಿ ಡಾಲರ್‌ಗಳ ಪರಿಹಾರ ನಿಧಿಯಿಂದ ಒಂದು ಅವಧಿಯಲ್ಲಿ 10,000 ಡಾಲರ್ ಮೀರಿ ಪಡೆದವರೆಲ್ಲ ವರದಿ ಸಲ್ಲಿಸಬೇಕಾಯಿತು. ವಿಮೆಯಿಂದಲೋ ಬೇರೆ ಮೂಲದಿಂದಲೋ ಒಮ್ಮೆ ಭರಿಸಲಾದ ವೆಚ್ಚವನ್ನು ಮತ್ತೆ ಈ ನಿಧಿಗೆ ತೋರಿಸುವಂತಿರಲಿಲ್ಲ. ನಮ್ಮಲ್ಲಿಯೂ ಎಡವುವುದು ಇಲ್ಲಿಯೇ. ಒಬ್ಬ ರೋಗಿಯ ಚಿಕಿತ್ಸೆಗೆ ಆರೋಗ್ಯಶ್ರೀಯಿಂದ ಹಣ ಬಂದಿರುತ್ತದೆ. ಅದೇ ಔಷಧದ ಬಿಲ್ಲು ಅನುದಾನದ ಕಡತದಲ್ಲಿಯೂ ಕುಳಿತಿರುತ್ತದೆ. ದಾನಿಗಳಿಗೆ ಕಳುಹಿಸಿದ ವರದಿಯಲ್ಲಿ ಮೂರನೆಯ ಬಾರಿ ಕಾಣಿಸಿಕೊಳ್ಳುತ್ತದೆ. ಕದ್ದವರು ಯಾರೂ ಇಲ್ಲದಿರಬಹುದು. ಆದರೂ ಒಂದು ವೆಚ್ಚ ಮೂರಾಗಿದೆ.

ನನ್ನ ಅನುಭವವೊಂದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಟ್ರಸ್ಟಿನ ಚಿಕಿತ್ಸಾಲಯಕ್ಕೆ ಬಂದ ಪರಿಹಾರ ಅನುದಾನದಲ್ಲಿ ಸುಮಾರು ಕಾಲು ಭಾಗ ಮಾರ್ಚ್ ಕೊನೆಯಲ್ಲಿಯೂ ಉಳಿದಿತ್ತು. ನಾನು ತಂದೆಯಂತೆ ಗೌರವಿಸುವ ಹಿರಿಯರೊಬ್ಬರು ಪರಿಚಿತ ಔಷಧ ವ್ಯಾಪಾರಿಯಿಂದ 31ನೆಯ ತಾರೀಖಿನ ಬಿಲ್ಲು ತರಿಸಿದರು. ಸರಕು ಮಾತ್ರ ಬಂದಿರಲಿಲ್ಲ. "ಮುಂದಿನ ತಿಂಗಳು ಬರುತ್ತದಪ್ಪಾ, ಬಡವರಿಗೇ ತಾನೆ ಹೋಗುವುದು? ನೀನು ಸಹಿ ಹಾಕು" ಎಂದರು. ಅವರು ಒಂದು ರೂಪಾಯಿಯನ್ನೂ ಜೇಬಿಗಿಳಿಸುವವರಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಪ್ರಮಾಣಪತ್ರದಲ್ಲಿ ನಾನು ಹೇಳಬೇಕಾಗಿದ್ದುದು ಅವರ ಸದ್ಗುಣವನ್ನಲ್ಲ. ಆ ದಿನಾಂಕದೊಳಗೆ ಆ ಹಣ ಆ ಉದ್ದೇಶಕ್ಕೆ ವೆಚ್ಚವಾಗಿದೆ ಎಂಬುದನ್ನು. ಆಗಿರಲಿಲ್ಲ. ನಾನು ಸಹಿ ಮಾಡಲಿಲ್ಲ. ಉಳಿದ ಹಣ ಬಡ್ಡಿಸಹಿತ ಹಿಂದಿರುಗಿತು. ಮರುವರ್ಷ ಆ ಕಡತ ನನ್ನ ಬಳಿಗೆ ಬರಲಿಲ್ಲ. ಹಿರಿಯರೂ ಬಹಳ ಕಾಲ ಮಾತನಾಡಲಿಲ್ಲ.

ತಪ್ಪು ಅವರದೊಂದೇ ಎಂದು ಹೇಳಲಾರೆ. ಅನುದಾನ ಬಂದ ದಿನ ನಾನು ಅಲ್ಲಿಗೆ ಹೋಗಿ ಪುಸ್ತಕ ಹೇಗೆ ಇಡಬೇಕೆಂದು ತೋರಿಸಲಿಲ್ಲ. ಮಾರ್ಚ್‌ನಲ್ಲಿ ಮಾತ್ರ ಕಾಣಿಸಿಕೊಂಡು ನಿಯಮ ಹೇಳಿದೆ. ಸರ್ಕಾರದ ಪಾಲೂ ಇದೆ: ವರ್ಷವಿಡೀ ತಡೆಹಿಡಿದ ಹಣವನ್ನು ವರ್ಷಾಂತ್ಯದಲ್ಲಿ ಬಿಡುಗಡೆ ಮಾಡಿ ಒಡನೆಯೇ ಬಳಕೆಯ ಪತ್ರ ಕೇಳುವ ಇಲಾಖೆ, ಸುಳ್ಳು ಬಿಲ್ಲಿಗೆ ತಾನೇ ದಾರಿ ತೋರಿಸುತ್ತದೆ. ಉಳಿಕೆಯನ್ನು ಹಿಂದಿರುಗಿಸಿದ ಪ್ರಾಮಾಣಿಕ ಸಂಸ್ಥೆಯನ್ನು "ಬಳಸಲು ಬಾರದವರು" ಎಂದು ಮುಂದಿನ ಬಾರಿ ಬದಿಗಿಟ್ಟರೆ ಪ್ರಾಮಾಣಿಕತೆಗೆ ದಂಡ ವಿಧಿಸಿದಂತೆ. ಈ ಮಾತನ್ನು ಆಳುವವರ ಮುಂದೆ ಕೇಳುವ ಹಕ್ಕು ನಮಗಿದೆ; ಆದರೆ ಮೊದಲು ನಮ್ಮ ಪುಸ್ತಕ ಸ್ವಚ್ಛವಾಗಿರಬೇಕು.

ಆದ್ದರಿಂದ ಟ್ರಸ್ಟುಗಳಲ್ಲಿ ಕುಳಿತಿರುವ ಓದುಗರಲ್ಲಿ ಒಂದು ವಿನಂತಿ. ಪರಿಹಾರದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಪ್ರತಿ ಬಿಲ್ಲಿನ ಮೇಲೆ ಅದು ಯಾವ ನಿಧಿಯಿಂದ ಸಂದಾಯವಾಯಿತೆಂದು ಅಂದೇ ಬರೆಯಿರಿ; ಒಮ್ಮೆ ಬರೆದದ್ದು ಮತ್ತೊಂದು ಕಡತಕ್ಕೆ ಹೋಗದಿರಲಿ. ದಾಸ್ತಾನು ಪುಸ್ತಕದಲ್ಲಿ ಔಷಧದ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು, ಪಡೆದವರ ಸಹಿ ಇರಲಿ. ಮೂರು ತಿಂಗಳಿಗೊಮ್ಮೆ ಒಬ್ಬ ಟ್ರಸ್ಟಿ ಕಪಾಟು ತೆರೆದು ಎಣಿಸಲಿ. ಉಳಿದ ಹಣವನ್ನು ನಾಚಿಕೆಯಿಲ್ಲದೆ ಹಿಂದಿರುಗಿಸಿರಿ. ಲೆಕ್ಕವನ್ನು ಚಿಕಿತ್ಸಾಲಯದ ಗೋಡೆಗೆ, ರೋಗಿಗಳ ಭಾಷೆಯಲ್ಲಿಯೇ, ಅಂಟಿಸಿರಿ.

2019ರಿಂದ ನಾವು ಕೊಡುವ ಪ್ರತಿಯೊಂದು ಪ್ರಮಾಣಪತ್ರಕ್ಕೂ ಒಂದು ವಿಶಿಷ್ಟ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಅದನ್ನು ಬಳಸಿ ಪತ್ರವು ನಿಜವಾಗಿ ನಾವೇ ಕೊಟ್ಟದ್ದೇ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಕಪಾಟಿನಲ್ಲಿ ಔಷಧ ಇದೆಯೇ ಎಂಬುದನ್ನು ಆ ಸಂಖ್ಯೆ ಹೇಳಲಾರದು. ಅದನ್ನು ಎದ್ದು ಹೋಗಿ ನೋಡಬೇಕಾದವರು ನಾವೇ.