ಹಾಲಿನ ಕ್ಯಾನಿನೊಳಗಿನ ಚರಿತ್ರೆ

ದೊಡ್ಡವರ ಕಾಗದಪತ್ರ ಅಷ್ಟೇ ಚರಿತ್ರೆ, ಉಳಿದದ್ದೆಲ್ಲ ರದ್ದಿ ಅನ್ನುವವರು ಎಮಾನುಯೆಲ್ ರಿಂಗೆಲ್‌ಬ್ಲುಮ್ ಅವರ ಕಥಿ ಕೇಳಬೇಕು. ಪೋಲಂಡಿನ ಯೆಹೂದಿ ಇತಿಹಾಸಕಾರರು. 1940ರಾಗ ಹಿಟ್ಲರನ ಮಂದಿ ವಾರ್ಸಾ ಪಟ್ಟಣದ ಯೆಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದಾಗ, ಇವರು ಗೆಳೆಯರ ಸಂಗಡ ಗುಟ್ಟಾಗಿ ಕಾಗದ ಕೂಡಿಸಿದರು. ಎಂಥವು? ರೇಷನ್ ಚೀಟಿ, ಟ್ರಾಮ್ ಟಿಕೇಟು, ಮಿಠಾಯಿ ಸುತ್ತಿದ ಕಾಗದ, ಸಾಲಿ ಹುಡುಗರ ಬರಹ, ಬೀದಿಯ ಹಾಡು. (ಹಾಡನ್ನೂ ಬಿಡಲಿಲ್ಲ ನೋಡ್ರಿ!) ಹಸಿದು ಸಾಯುವಾಗ ಇದೆಂಥ ಹುಚ್ಚು ಅಂತೀರೇನು? ಕೊಂದವರೇ ತಮ್ಮ ಕಥಿ ಬರೀಬಾರದು ಅಂತ ಮಾಡಿದ ಕೆಲಸ ಅದು. ತಗಡಿನ ಪೆಟ್ಟಿಗಿ, ಹಾಲಿನ ಕ್ಯಾನಿನೊಳಗೆ ತುಂಬಿ ನೆಲದಾಗ ಹುಗಿದರು. 1944ರಾಗ ಅವರನ್ನೂ, ಹೆಂಡತಿ ಮಗನನ್ನೂ ಕೊಂದರು. 1946ರಾಗ ಪೆಟ್ಟಿಗಿ ಸಿಕ್ಕವು, 1950ರಾಗ ಎರಡು ಕ್ಯಾನು. ಮೂರನೇ ಪಾಲು ಇನ್ನೂ ಸಿಕ್ಕಿಲ್ಲ. ಅದನ್ನ ಕಿಲೋಕ್ಕ ಎಷ್ಟರಂಗ ತೂಗತೀರಿ, ಹೇಳ್ರಿ.