ನೆತ್ತರು ನಮ್ಮದು, ಲೆಕ್ಕ ದಿಲ್ಲಿಯದು!



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಎಚ್‌ಐವಿ ತಡೆಯಲು ಈ ಐದು ತಾಲ್ಲೂಕುಗಳಿಗೆ ಎಷ್ಟು ಹಣ ಬಂತು? ಎಷ್ಟು ಜನರ ಪರೀಕ್ಷೆಯಾಯಿತು? ಎಷ್ಟು ಮಂದಿಗೆ ಗುಳಿಗೆ ಸಿಗುತ್ತಿದೆ? ನಿಮ್ಮೂರ ಆಸ್ಪತ್ರೆಯ ಗೋಡೆಯ ಮೇಲೆ ಈ ಲೆಕ್ಕವನ್ನು ಎಂದಾದರೂ ಕನ್ನಡದಲ್ಲಿ ಓದಿದ್ದೀರಾ?

ಸರ್ಕಾರ ರೋಗವನ್ನು ಅಳೆಯುವ ಬಗೆ ಕೇಳಿ. ಆಯ್ದ ಆಸ್ಪತ್ರೆಗೆ ಬರುವ ಗರ್ಭಿಣಿಯರಲ್ಲಿ 400 ಮಂದಿಯ ರಕ್ತದ ಮಾದರಿ, ಹೆಸರಿಲ್ಲದೆ, ಪರೀಕ್ಷೆಗೆ ಹೋಗುತ್ತದೆ. 1998ರಿಂದ ದೇಶದಾದ್ಯಂತ ನಡೆದು ಬಂದ ಕಾವಲು ಸಮೀಕ್ಷೆ ಇದು. ಪದ್ಧತಿ ಕೆಟ್ಟದ್ದಲ್ಲ. ಆದರೆ ಅದು ಹೇಳುವುದು ರಾಜ್ಯದ ಕಥೆ, ಹೆಚ್ಚೆಂದರೆ ಜಿಲ್ಲೆಯ ಕಥೆ. ತಾಲ್ಲೂಕು ಅದರೊಳಗೆ ಕರಗಿಹೋಗುತ್ತದೆ! ಹರಪನಹಳ್ಳಿಯ ಪಾಡು ನೋಡಿ: 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಅದರ ಲೆಕ್ಕವನ್ನು ಯಾವ ಜಿಲ್ಲೆಯ ಕಡತದಲ್ಲಿ ಹುಡುಕಬೇಕು?

ಇದು ಯಾರ ದುಡ್ಡು? 1992ರಲ್ಲಿ ವಿಶ್ವಬ್ಯಾಂಕಿನ ಸಾಲ. 2003ರ ನಂತರ ಬಿಲ್ ಗೇಟ್ಸ್ ಪ್ರತಿಷ್ಠಾನದ ನೆರವು ಬಳ್ಳಾರಿ ಜಿಲ್ಲೆಗೂ ಬಂತು, ಮುಗಿಯಿತು. ಬೇರೆಯವರ ನೆರವು ನಂಬಿದರೆ ಏನಾಗುತ್ತದೆ? 2025ರ ಜನವರಿಯಲ್ಲಿ ಅಮೆರಿಕ ಕೈ ಹಿಂತೆಗೆದಾಗ ಆಫ್ರಿಕಾದಲ್ಲಿ ಎಷ್ಟೋ ಎಚ್‌ಐವಿ ಕೇಂದ್ರಗಳು ಬಾಗಿಲು ಮುಚ್ಚಿದವು. ನಮ್ಮಲ್ಲಿ 2021ರಿಂದ 2026ರ ಅವಧಿಗೆ ಕೇಂದ್ರ ಸರ್ಕಾರ ಇಟ್ಟದ್ದು 15,471.94 ಕೋಟಿ ರೂಪಾಯಿ. ಅದು ದಾನವಲ್ಲ, ನಿಮ್ಮ ನಮ್ಮ ತೆರಿಗೆ! ದಾನದ ಲೆಕ್ಕ ಕೇಳಲು ಸಂಕೋಚವಾದೀತು. ತೆರಿಗೆಯ ಲೆಕ್ಕ ಕೇಳಲು ಯಾವ ಸಂಕೋಚ?

ಕಾನೂನೂ ನಮ್ಮ ಕಡೆಗಿದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಪರೀಕ್ಷೆಗೆ ಒಪ್ಪಿಗೆ ಪಡೆಯುವಾಗ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು ಎನ್ನುತ್ತದೆ ಅದು. ಹೆಸರಿಲ್ಲದ ಸಮೀಕ್ಷೆಯಾದರೂ ಅದರ ಉದ್ದೇಶವನ್ನು ಜನರಿಗೆ ತಿಳಿಸಲೇಬೇಕು. ಹಡಗಲಿಯ ಹೆಣ್ಣುಮಗಳಿಗೆ ತಿಳಿಯುವ ಭಾಷೆ ಯಾವುದು? ಇಂಗ್ಲಿಷೋ? ಹಿಂದಿಯೋ?

"ಲೆಕ್ಕ ಹೊರಬಂದರೆ ಊರಿಗೆ ಕೆಟ್ಟ ಹೆಸರು" ಎನ್ನುವವರಿದ್ದಾರೆ. ನಾವು ಕೇಳುತ್ತಿರುವುದು ಹೆಸರುಗಳನ್ನಲ್ಲ, ಅಂಕಿಗಳನ್ನು. ಸೋಂಕಿತರ ಗುಟ್ಟು ಕಾಯಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ನಿಜವಾದ ಅಂಕಿ ಇಲ್ಲದ ಕಡೆ ಗಾಳಿಸುದ್ದಿ ಆಳುತ್ತದೆ. ಈ ಸೀಮೆಯ ದೇವದಾಸಿ ತಾಯಂದಿರ ಮೇಲೆ ಗೂಬೆ ಕೂರಿಸಿ ಮಿಕ್ಕವರು ಸಾಚಾ ಆಗುವುದು ಹೀಗೆಯೇ!

ನಾನು ಪ್ರೆಸ್ ಇಟ್ಟವನು. ಡಿಸೆಂಬರ್ 1 ಬಂತೆಂದರೆ ಏಡ್ಸ್ ದಿನದ ಕರಪತ್ರ ಅಚ್ಚು ಹಾಕಿ ನಾಲ್ಕು ಕಾಸು ನೋಡುವವನು. ಆದರೂ ಹೇಳುತ್ತೇನೆ: ಒಂದು ದಿನದ ಕರಪತ್ರಕ್ಕೆ ರೋಗ ಹೆದರುವುದಿಲ್ಲ. ಅದೇ ಕಾಗದದ ಮೇಲೆ ತಾಲ್ಲೂಕಿನ ಲೆಕ್ಕ ಅಚ್ಚಾಗಲಿ. ಬಂದ ಹಣ, ಆದ ಖರ್ಚು, ನಡೆದ ಪರೀಕ್ಷೆ, ಖಾಲಿ ಬಿದ್ದ ಹುದ್ದೆ. ಒಂದೇ ಹಾಳೆ ಸಾಕು!

ಬೆಂಗಳೂರಿನಲ್ಲಿ ದುಡಿಯುವ ಈ ಐದು ತಾಲ್ಲೂಕಿನ ಹುಡುಗರೇ, ಹುಡುಗಿಯರೇ, ಕೊಟ್ಟೂರು ತೇರಿಗೆ ಊರಿಗೆ ಹೋದಾಗ ಆಸ್ಪತ್ರೆಯ ಬಾಗಿಲಿಗೂ ಹೋಗಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ತಾಲ್ಲೂಕಿಗೊಂದು ಅರ್ಜಿ ಹಾಕಿ.

ಕೇಳಿ! ಕನ್ನಡದಲ್ಲೇ ಕೇಳಿ! ಉತ್ತರವನ್ನೂ ಕನ್ನಡದಲ್ಲೇ ಪಡೆಯಿರಿ!